‘ಮುಂದಿನ ಸೀಟು ಬೇಡ’: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವುಗಳನ್ನು ಓದುವ ಬಗೆ

ಶಿಕ್ಷಕರ ತರಬೇತಿ ಕೈಪಿಡಿಗಳಲ್ಲಿ, ಆಸ್ಪತ್ರೆಗಳ ಗೋಡೆಗಳ ಮೇಲೆ, ಶಾಲೆಯ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಕಾಣಸಿಗುತ್ತದೆ. ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಓದಿನಲ್ಲಿ ಹಿಂದೆ ಬೀಳುವುದು, ಪದೇ ಪದೇ ಹೊಟ್ಟೆನೋವು ಎನ್ನುವುದು, ಒಬ್ಬರನ್ನು ಕಂಡರೆ ಹಿಂಜರಿಯುವುದು, ವಯಸ್ಸಿಗೆ ಮೀರಿದ ಲೈಂಗಿಕ ತಿಳಿವಳಿಕೆ ತೋರುವುದು. ಇವು ಕಂಡರೆ ಲೈಂಗಿಕ ದೌರ್ಜನ್ಯ ನಡೆದಿರಬಹುದೆಂದು ಅನುಮಾನಿಸಿ ಎನ್ನುತ್ತದೆ ಪಟ್ಟಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗುವನ್ನು ನೋಡಲು ಹೊರಟವರು ಎರಡು ಕಡೆ ಎಡವುತ್ತಾರೆ: ಏನೂ ಆಗದ ಮನೆಯಲ್ಲಿ ಅಪರಾಧ ಕಾಣುತ್ತಾರೆ, ಆಗಿರುವ ಮನೆಯ ಮುಂದೆ ನಿಶ್ಚಿಂತೆಯಿಂದ ಹಾದುಹೋಗುತ್ತಾರೆ. ಸುಳಿವು ಬಹಳಷ್ಟು ಸಲ ಮೈಯಲ್ಲೋ ನಡತೆಯಲ್ಲೋ ಇರುವುದಕ್ಕಿಂತ ಹೆಚ್ಚಾಗಿ ಮಗುವಿನ ಅರ್ಧ ಮಾತಿನಲ್ಲಿರುತ್ತದೆ. ಆ ಮಾತು ಕನ್ನಡದಲ್ಲಿ ಹೇಗಿರುತ್ತದೆ ಎಂಬುದನ್ನು ನಾವು ಇನ್ನೂ ಸರಿಯಾಗಿ ಗಮನಿಸಿಲ್ಲ ಎನ್ನುವುದು ಈ ಟಿಪ್ಪಣಿಯ ವಾದ.

ಮೊದಲು ಪಟ್ಟಿಯ ಶಕ್ತಿ ಎಷ್ಟೆಂದು ನೋಡೋಣ. 1993ರಲ್ಲಿ ಕ್ಯಾಥ್ಲೀನ್ ಕೆಂಡಲ್-ಟ್ಯಾಕೆಟ್, ಲಿಂಡಾ ವಿಲಿಯಮ್ಸ್, ಡೇವಿಡ್ ಫಿಂಕೆಲ್‌ಹೋರ್ ಎಂಬ ಮೂವರು ಅಮೆರಿಕನ್ ಸಂಶೋಧಕರು ಅಲ್ಲಿಯವರೆಗಿನ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಭಯ, ಆಘಾತದ ಲಕ್ಷಣ, ನಡತೆಯ ತೊಂದರೆ, ಲೈಂಗಿಕ ವರ್ತನೆ, ತನ್ನ ಬಗ್ಗೆಯೇ ಕೀಳರಿಮೆ ಇವು ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡವು. ಆದರೆ ಬಹುಪಾಲು ಮಕ್ಕಳಲ್ಲಿ ಕಾಣುವ ಒಂದೇ ಒಂದು ಲಕ್ಷಣವೂ ಸಿಗಲಿಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಈ ಎರಡನೆಯ ಮಾತನ್ನು ನಮ್ಮ ತರಬೇತಿಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ‘ಮಗು ಆಡ್ಕೊಂಡು, ತಿನ್ಕೊಂಡು ಚೆನ್ನಾಗೇ ಇದೆಯಲ್ಲ’ ಎಂಬ ವಾದ ಮನೆಯಿಂದ ಹಿಡಿದು ನ್ಯಾಯಾಲಯದವರೆಗೆ ಇವತ್ತಿಗೂ ಸವೆಯದ ನಾಣ್ಯದಂತೆ ಚಲಾವಣೆಯಲ್ಲಿದೆ.

ಮತ್ತೊಂದು ಕಷ್ಟ ಲೆಕ್ಕದ್ದು. ಊಹೆಗಾಗಿ ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಯಾವ ಸಮೀಕ್ಷೆಯವೂ ಅಲ್ಲ. ಒಂದು ಶಾಲೆಯಲ್ಲಿ 1,000 ಮಕ್ಕಳಿದ್ದಾರೆ, ಅವರಲ್ಲಿ 100 ಮಕ್ಕಳು ದೌರ್ಜನ್ಯ ಅನುಭವಿಸಿದ್ದಾರೆ ಎನ್ನಿ. ಪದೇ ಪದೇ ಹೊಟ್ಟೆನೋವು ಈ 100ರಲ್ಲಿ 40 ಮಕ್ಕಳಿಗೆ ಇದೆ, ಉಳಿದ 900ರಲ್ಲಿ 135 ಮಕ್ಕಳಿಗೆ ಇದೆ. ಒಟ್ಟು 175 ಮಕ್ಕಳು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ನಾವು ಹುಡುಕುತ್ತಿರುವವರು ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದವರಿಗೆ ಜಂತುಹುಳು, ಮಲಬದ್ಧತೆ, ಲೆಕ್ಕದ ಟೆಸ್ಟು, ಬೆಳಗಿನ ತಿಂಡಿ ಇಲ್ಲದ ಹೊಟ್ಟೆ. ದೌರ್ಜನ್ಯ ಅನುಭವಿಸಿದ 60 ಮಕ್ಕಳಂತೂ ಹೊಟ್ಟೆನೋವಿನ ಮಾತೇ ಎತ್ತಿಲ್ಲ. ಹಾಗೆಂದು ಹೊಟ್ಟೆನೋವನ್ನು ಬದಿಗಿಡಬೇಕೆಂದಲ್ಲ. ಜಂತುಹುಳುವಿನ ಮಾತ್ರೆ ಕೊಡುವಾಗಲೇ ಇನ್ನೊಂದು ವಿಷಯ ವಿಚಾರಿಸಬೇಕು: ಈ ನೋವು ಯಾವ ದಿನ, ಯಾವ ಹೊತ್ತಿಗೆ, ಎಲ್ಲಿಗೆ ಹೋಗಬೇಕಾದಾಗ ಬರುತ್ತದೆ?

ಮೈಯ ಮೇಲಿನ ಗುರುತುಗಳ ವಿಷಯದಲ್ಲಿ ಜನರ ನಂಬಿಕೆಗೂ ವೈದ್ಯಶಾಸ್ತ್ರಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಜಾಯ್ಸ್ ಆ್ಯಡಮ್ಸ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಅಪರಾಧ ಸಾಬೀತಾಗಿ ಶಿಕ್ಷೆಯಾದ ಪ್ರಕರಣಗಳ 236 ಮಕ್ಕಳದ್ದು. ಅವರಲ್ಲಿ ಜನನಾಂಗದ ಪರೀಕ್ಷೆಯಲ್ಲಿ ಸ್ಪಷ್ಟವಾದ ಅಸಹಜತೆ ಕಂಡದ್ದು ಶೇ. 14ರಷ್ಟು ಮಕ್ಕಳಲ್ಲಿ ಮಾತ್ರ. 2002ರಲ್ಲಿ ಆಸ್ಟ್ರಿಡ್ ಹೆಗರ್ ಮತ್ತು ಸಹೋದ್ಯೋಗಿಗಳು ಪರೀಕ್ಷೆಗೆ ಬಂದ 2,384 ಮಕ್ಕಳ ದಾಖಲೆ ನೋಡಿದಾಗ ಶೇ. 96.3ರಷ್ಟು ಮಕ್ಕಳ ಪರೀಕ್ಷೆ ಸಹಜವಾಗಿತ್ತು. ಕಾರಣ ಸರಳ: ಮುಟ್ಟುವುದು, ಉಜ್ಜುವುದು, ತೋರಿಸುವುದು, ಮುಟ್ಟಿಸಿಕೊಳ್ಳುವುದು ಗಾಯ ಉಳಿಸುವುದಿಲ್ಲ. ಆದ ಗಾಯವೂ ಆ ಭಾಗದಲ್ಲಿ ಬೇಗ ಮಾಯುತ್ತದೆ. ಮಗು ಬಾಯಿ ಬಿಡುವ ಹೊತ್ತಿಗೆ ವಾರ, ತಿಂಗಳು, ಕೆಲವೊಮ್ಮೆ ವರ್ಷಗಳು ಉರುಳಿರುತ್ತವೆ. ‘ಡಾಕ್ಟರು ನೋಡಿ ಏನೂ ಇಲ್ಲ ಅಂದ್ರು’ ಎಂದು ನಿಟ್ಟುಸಿರು ಬಿಡುವ ತಾಯಿಗೆ ಯಾರಾದರೂ ಇಷ್ಟನ್ನು ಬಿಡಿಸಿ ಹೇಳಬೇಕು: ‘ಏನೂ ಕಾಣಲಿಲ್ಲ’ ಎಂದರೆ ‘ಏನೂ ಆಗಿಲ್ಲ’ ಎಂದಲ್ಲ.

ಇನ್ನೊಂದು ಬದಿಯಿಂದ ನೋಡಿದರೆ, ಕಂಡ ಗುರುತಿಗೂ ಬೇರೆ ಕಾರಣ ಇರಬಹುದು. ಸೈಕಲ್ಲಿನ ನಡುವಿನ ಕಂಬಿಯ ಮೇಲೆ ಬಿದ್ದ ಪೆಟ್ಟು, ದಾರದಂಥ ಸಣ್ಣ ಹುಳುಗಳಿಂದ ಬರುವ ತುರಿಕೆ, ಸಣ್ಣ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿರುವ ಉರಿ, ಮೂತ್ರದ ಸೋಂಕು ಇವೆಲ್ಲ ದಿನನಿತ್ಯದ ಕಾಯಿಲೆಗಳು. ಗಟ್ಟಿ ಸುಳಿವು ಎನ್ನಬಹುದಾದವು ಕೆಲವೇ. ಋತುಮತಿಯಾಗದ ಮಗುವಿನಲ್ಲಿ ಗೊನೋರಿಯಾದಂಥ ಸೋಂಕು, ಚಿಕ್ಕ ಹುಡುಗಿ ಗರ್ಭಿಣಿಯಾಗಿರುವುದು, ಹೇಳಿದ ಕಾರಣಕ್ಕೆ ಹೊಂದದ ಗಾಯ ಅಂಥವು. ಇವು ಕಂಡಾಗ ಅನುಮಾನಿಸುತ್ತ ಕೂರುವ ಪ್ರಶ್ನೆಯೇ ಇಲ್ಲ.

ಒಂದೇ ಗುರುತನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಪ್ರಕರಣ ಇಂದಿಗೂ ಪಾಠಕ್ಕೆ ಬರುತ್ತದೆ. 1987ರ ಕೆಲವೇ ತಿಂಗಳುಗಳಲ್ಲಿ ಮಿಡಲ್ಸ್‌ಬರೋದ ಆಸ್ಪತ್ರೆಯೊಂದರಲ್ಲಿ 121 ಮಕ್ಕಳಿಗೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ರೋಗನಿರ್ಣಯವಾಯಿತು. ಗುದದ್ವಾರದ ಸ್ನಾಯು ಸಡಿಲಗೊಳ್ಳುವ ಒಂದು ಪ್ರತಿಕ್ರಿಯೆಗೆ ಅಲ್ಲಿ ಬಹಳ ತೂಕ ಸಿಕ್ಕಿತ್ತು. ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದರು, ಆಸ್ಪತ್ರೆಯ ವಾರ್ಡುಗಳು ತುಂಬಿದವು, ತಂದೆತಾಯಂದಿರು ಬೀದಿಗಿಳಿದರು. 1988ರಲ್ಲಿ ಎಲಿಜಬೆತ್ ಬಟ್ಲರ್-ಸ್ಲಾಸ್ ಅವರ ವಿಚಾರಣಾ ವರದಿ ಬಂತು. ಆ ಗುರುತು ಅನುಮಾನಕ್ಕೆ ಎಡೆಮಾಡುತ್ತದೆ, ಹೆಚ್ಚಿನ ವಿಚಾರಣೆಗೆ ಕಾರಣವಾಗಬೇಕು, ಅದೊಂದೇ ಪುರಾವೆಯಾಗಲಾರದು ಎಂದಿತು ವರದಿ. ಒಂದೇ ಮಗುವನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದನ್ನು, ಮತ್ತೆ ಮತ್ತೆ ಪ್ರಶ್ನಿಸಿದ್ದನ್ನು ಟೀಕಿಸಿತು. ಯಾವ ಮಗುವಿಗೆ ದೌರ್ಜನ್ಯ ಆಗಿತ್ತು, ಯಾವುದಕ್ಕೆ ಆಗಿರಲಿಲ್ಲ ಎಂಬ ತೀರ್ಪಿಗೆ ಮಾತ್ರ ಅದು ಕೈಹಾಕಲಿಲ್ಲ. ‘ಕ್ಲೀವ್‌ಲ್ಯಾಂಡಿನಲ್ಲಿ ಎಲ್ಲವೂ ಸುಳ್ಳಾಗಿತ್ತು’ ಎಂದು ಹೇಳುವವರು ವರದಿ ಹೇಳದ್ದನ್ನು ಹೇಳುತ್ತಿದ್ದಾರೆ. ಮಗುವಿನ ಮೈಯನ್ನು ಅಷ್ಟೊಂದು ನೋಡಿದವರು ಮಗುವಿನ ಮಾತಿಗೆ ಎಷ್ಟು ಜಾಗ ಕೊಟ್ಟರು ಎಂಬುದು ನನಗೆ ಆ ಪ್ರಕರಣದಲ್ಲಿ ಹೆಚ್ಚು ಕಾಡುವ ಪ್ರಶ್ನೆ.

ಇನ್ನು ನಮ್ಮ ಮನೆಗಳಿಗೆ ಬರೋಣ. ಕನ್ನಡದ ಮನೆಗಳಲ್ಲಿ ಮಕ್ಕಳ ಬದಲಾವಣೆಯನ್ನು ಯಾರೂ ಗಮನಿಸುವುದಿಲ್ಲ ಎಂಬ ಆರೋಪ ಸರಿಯಲ್ಲ. ಅಜ್ಜಿಯ ಕಣ್ಣಿಗೆ ಬೀಳದ ಬದಲಾವಣೆ ಕಡಿಮೆ. ಮಗು ಬೆಚ್ಚುತ್ತದೆ, ಊಟ ಬಿಟ್ಟಿದೆ, ಸಂಜೆಯಾದರೆ ಸೆರಗು ಬಿಡುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ‘ಎಲ್ಲೋ ಹೆದರ್ಕೊಂಡಿದೆ’, ‘ದೃಷ್ಟಿಯಾಗಿದೆ’, ‘ಗಾಳಿ ಸೋಕಿದೆ’ ಎನ್ನುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ತಾಯಿತ ಕಟ್ಟಿಸುತ್ತಾರೆ. ‘ಎಲ್ಲೋ ಹೆದರ್ಕೊಂಡಿದೆ’ ಎಂಬ ಮೊದಲ ನಿದಾನ ಬಹಳ ಸಲ ನಿಜಕ್ಕೆ ತೀರ ಹತ್ತಿರದ್ದು. ಆ ‘ಎಲ್ಲೋ’ ಎಂಬುದು ಹುಣಸೆಮರದ ಕಡೆ, ಕೆರೆ ಏರಿಯ ಕಡೆ, ಮಸಣದ ಕಡೆ ಹೊರಳುತ್ತದೆ. ಪಕ್ಕದ ಕೋಣೆಯ ಕಡೆ ಹೊರಳುವುದಿಲ್ಲ. ತಾಯಿತವನ್ನು ಗೇಲಿ ಮಾಡಿ ಫಲವಿಲ್ಲ. ನಿವಾಳಿಸಿದ ಅಜ್ಜಿಯನ್ನೇ ಕೂರಿಸಿಕೊಂಡು ‘ಯಾವತ್ತಿಂದ ಹೀಗೆ? ಅವತ್ತು ಮನೆಗೆ ಯಾರು ಬಂದಿದ್ರು?’ ಎಂದು ಕೇಳಿದರೆ ಯಾವ ಪ್ರಶ್ನಾವಳಿಯೂ ಕೊಡದ ಮಾಹಿತಿ ಸಿಗುತ್ತದೆ.

ಪಕ್ಕದ ಕೋಣೆ ಎಂದದ್ದು ಅಲಂಕಾರಕ್ಕಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಇತ್ತೀಚಿನ ವರ್ಷಗಳ ಅಂಕಿಗಳಲ್ಲಿ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯಡಿಯ ಅತ್ಯಾಚಾರ ಪ್ರಕರಣಗಳ ಆರೋಪಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಪರಿಚಿತರು. ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ: ಒಂದು ಮಕ್ಕಳ ಬಾಯಿಂದ ಬಂದದ್ದು, ಇನ್ನೊಂದು ಠಾಣೆಯ ಕಡತದಿಂದ. ಹದಿನಾರು ಹದಿನೇಳರ ಪ್ರೇಮಿಗಳು ಓಡಿಹೋದ ಪ್ರಕರಣಗಳೂ ಎರಡನೆಯದರಲ್ಲಿ ಸೇರಿಕೊಂಡಿವೆ. 2007ರ ಅಧ್ಯಯನದ ಇನ್ನೊಂದು ಅಂಶ ನಮ್ಮ ಮಾತುಕತೆಯಲ್ಲಿ ಮರೆಯಾಗಿಬಿಟ್ಟಿದೆ. ದೌರ್ಜನ್ಯ ಅನುಭವಿಸಿದೆವು ಎಂದವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು. ಹುಡುಗ ಮಂಕಾದರೆ ‘ಹೆಣ್ಣಿಗನ ಥರ ಆಡಬೇಡ’, ಹೊಡೆದಾಡಿದರೆ ‘ಪುಂಡ’. ಇವೆರಡರ ನಡುವೆ ಅವನ ಸುಳಿವು ಓದುವ ಜಾಗವೇ ಉಳಿದಿಲ್ಲ.

ಈಗ ನನ್ನ ಮುಖ್ಯ ವಿಷಯ, ಮಾತು. ಮುಂದೆ ಕೊಡುವ ನಿದರ್ಶನ ನಾನೇ ಹೆಣೆದದ್ದು, ಯಾವ ಮಗುವಿನ ಕಥೆಯೂ ಅಲ್ಲ.

ಮೂರನೆಯ ತರಗತಿಯ ಹುಡುಗಿ ಶಾಲೆ ಬಿಡುವ ಹೊತ್ತಿಗೆ ಟೀಚರ ಸೀರೆ ಜಗ್ಗಿ, ‘ಮಿಸ್, ನಂಗೆ ವ್ಯಾನಲ್ಲಿ ಮುಂದಿನ ಸೀಟ್ ಬೇಡ’ ಎನ್ನುತ್ತಾಳೆ. ಅಷ್ಟೇ. ಮಾರನೆಯ ದಿನ ಮತ್ತೆ ಅದೇ. ಮೂರನೆಯ ದಿನ ಏನೂ ಹೇಳುವುದಿಲ್ಲ, ವ್ಯಾನ್ ಹತ್ತುವ ಮೊದಲು ಎರಡು ಸಲ ಬಾತ್‌ರೂಮಿಗೆ ಹೋಗಿಬರುತ್ತಾಳೆ. ಡೈರಿಯಲ್ಲಿ ‘ಹಠ ಹೆಚ್ಚಾಗಿದೆ, ಪೋಷಕರು ಗಮನಿಸಿ’ ಎಂಬ ಕೆಂಪು ಶಾಯಿಯ ಸಾಲು ಬೀಳುತ್ತದೆ.

ಪಟ್ಟಿಯ ಯಾವ ಅಂಶವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಆದರೂ ಇಲ್ಲಿ ಎರಡು ಸಂಗತಿಗಳಿವೆ: ಈ ಮಗುವಿನ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ, ಒಂದು ನಿರ್ದಿಷ್ಟ ಜಾಗದ ಬಗ್ಗೆ ‘ಬೇಡ’. ಮಕ್ಕಳು ವ್ಯಕ್ತಿಯ ಹೆಸರು ಹೇಳುವ ಮೊದಲು ಜಾಗದ ಹೆಸರು ಹೇಳುವುದುಂಟು. ಟ್ಯೂಷನ್ ಬೇಡ, ಮಹಡಿ ಬೇಡ, ಅಜ್ಜಿ ಊರು ಬೇಡ. ‘ಬೇಡ’ ಎಂಬ ಪದಕ್ಕೆ ಕರ್ತೃ ಬೇಕಿಲ್ಲ. ಮಗುವಿಗೆ ಅದೊಂದು ಆಸರೆ. ಯಾರು ಎಂದು ಹೇಳದೆ ಹೇಳಬಹುದು.

ಟೀಚರಿಗೆ ಅನುಮಾನ ಬಂತೆನ್ನಿ. ‘ಡ್ರೈವರ್ ಏನಾದ್ರೂ ಮಾಡಿದ್ನಾ?’ ಎಂದು ಕೇಳಿದರೆ ಕೆಲಸ ಕೆಟ್ಟಿತು. ಉತ್ತರ ಸೂಚಿಸುವ ಪ್ರಶ್ನೆಗಳಿಂದ ಚಿಕ್ಕ ಮಕ್ಕಳ ಹೇಳಿಕೆ ಹೇಗೆ ಕಲುಷಿತವಾಗುತ್ತದೆಂದು ಅಮೆರಿಕದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೊಕದ್ದಮೆ ಜಗತ್ತಿಗೆ ತೋರಿಸಿತು. 1983ರಲ್ಲಿ ಆರೋಪ, 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಕ್ತಾಯ. ಕನ್ನಡದಲ್ಲಿ ಅಪಾಯ ಇನ್ನೂ ಒಳಗಿದೆ, ಕ್ರಿಯಾಪದದ ಬಾಲದಲ್ಲೇ ಇದೆ. ‘ಮಾಡಿದ್ನಾ’ ಎಂದಾಗ ಅದು ಗಂಡಸು, ಒಬ್ಬನೇ, ಗೌರವಕ್ಕೆ ಅರ್ಹನಲ್ಲದವನು ಎಂಬ ಮೂರು ತೀರ್ಮಾನ ಮಗುವಿನ ಕಿವಿಗೆ ಬಿದ್ದಾಯಿತು. ‘ಮಾಡಿದ್ರಾ’ ಎಂದರೆ ಗೌರವ ಬಂತು. ಗೌರವದವರ ಮೇಲೆ ದೂರು ಹೇಳಬಾರದೆಂದು ಕಲಿತ ಮಗು ಅಲ್ಲೇ ಹಿಂದೆ ಸರಿಯಬಹುದು. ಕೇಳಬಲ್ಲ ಸುರಕ್ಷಿತ ರೂಪ ನಪುಂಸಕ ಲಿಂಗದ್ದು: ‘ಏನಾಯ್ತು?’ ಅದರಲ್ಲಿ ಯಾರೂ ಇಲ್ಲ. ‘ಮುಂದಿನ ಸೀಟಲ್ಲಿ ಕೂತಾಗ ಏನಾಗುತ್ತೆ ಪುಟ್ಟಿ?’, ‘ಆಮೇಲೆ?’, ‘ಇನ್ನೂ ಹೇಳು.’ ನಮ್ಮ ತರಬೇತಿ ಕೈಪಿಡಿಗಳು ಇಂಗ್ಲಿಷಿನ ಮುಕ್ತ ಪ್ರಶ್ನೆಗಳನ್ನು ಅನುವಾದಿಸುವಾಗ ಈ ಬಾಲದ ಮೇಲೆ ಕಣ್ಣಿಟ್ಟಂತೆ ಕಾಣುವುದಿಲ್ಲ.

ಸಂಬಂಧಸೂಚಕ ಪದಗಳ ಗೋಜಲು ಬೇರೆ. ‘ಮಾಮ’ ಎಂದರೆ ಸೋದರಮಾವನೇ, ಎದುರುಮನೆಯವರೇ, ಅಂಗಡಿಯವರೇ? ಉತ್ತರ ಕರ್ನಾಟಕದ ಮಗು ‘ಕಾಕಾ’ ಎಂದರೆ ಅಪ್ಪನ ತಮ್ಮನೂ ಆಗಬಹುದು, ಓಣಿಯ ಯಾವ ಹಿರಿಯನೂ ಆಗಬಹುದು. ಹಳೇ ಮೈಸೂರಿನ ಕೆಲವು ಮನೆಗಳಲ್ಲಿ ‘ಅಣ್ಣ’ ಎಂದರೆ ಅಪ್ಪ. ಬರೆದುಕೊಳ್ಳುವವರು ತಮ್ಮ ಮನೆಯ ಅರ್ಥವನ್ನು ಮಗುವಿನ ಪದಕ್ಕೆ ತೊಡಿಸಿದರೆ ನಿರಪರಾಧಿಯ ಹೆಸರು ಕಡತ ಸೇರುತ್ತದೆ. ‘ಯಾವ ಮಾಮ? ಎಲ್ಲಿರ್ತಾರೆ?’ ಎಂದು ಕೇಳಿ, ಉತ್ತರವನ್ನು ಹಾಗೆಯೇ ಬರೆಯಬೇಕು.

ಇನ್ನು ಅಂಗಗಳ ಹೆಸರು. ಶಿಷ್ಟ ಕನ್ನಡದಲ್ಲಿ ಅದು ‘ಗುಪ್ತಾಂಗ’. ಇಂಗ್ಲಿಷ್ ಕಲಿತ ಮನೆಗಳಲ್ಲಿ ಎರಡು ವರ್ಷದ ಕೂಸಿಗೆ ಬಟ್ಟೆ ಜಾರಿದಾಗ ಹೇಳುವ ಮಾತು ‘ಶೇಮ್ ಶೇಮ್’. ಒಂದರ ಹೆಸರಿನಲ್ಲೇ ಗುಟ್ಟು, ಇನ್ನೊಂದರ ಹೆಸರಿನಲ್ಲೇ ನಾಚಿಕೆ. ‘ಇದು ನಮ್ಮಿಬ್ಬರ ಗುಟ್ಟು’ ಎನ್ನುವ ದೊಡ್ಡವನಿಗೆ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಿರುತ್ತೇವೆ. ‘ಉಚ್ಚೆ ಮಾಡೋ ಜಾಗ’ ಎನ್ನುವ ಹಳ್ಳಿಯ ಮಗುವಿನ ಮಾತು ಇವೆರಡಕ್ಕಿಂತ ಎಷ್ಟೋ ಸ್ಪಷ್ಟ, ನಿರ್ಮಲ.

ವಯಸ್ಸಿಗೆ ಮೀರಿದ ಲೈಂಗಿಕ ವರ್ತನೆ ಎಂಬ ಅಂಶಕ್ಕೂ ಎಚ್ಚರ ಬೇಕು. ವಿಲಿಯಂ ಫ್ರೆಡರಿಕ್ ಮತ್ತು ಸಂಗಡಿಗರು 1998ರಲ್ಲಿ ಎರಡರಿಂದ ಹನ್ನೆರಡು ವರ್ಷದ 1,114 ಮಕ್ಕಳ ಸಾಮಾನ್ಯ ನಡತೆಯನ್ನು ದಾಖಲಿಸಿದರು. ತಮ್ಮ ಅಂಗ ಮುಟ್ಟಿಕೊಳ್ಳುವುದು, ಇತರರ ಮೈ ಬಗ್ಗೆ ಕುತೂಹಲ ಐದು ವರ್ಷದೊಳಗಿನವರಲ್ಲಿ ಮಾಮೂಲು, ಬೆಳೆದಂತೆ ಕಡಿಮೆಯಾಗುತ್ತವೆ. ದೊಡ್ಡವರ ಲೈಂಗಿಕ ಕ್ರಿಯೆಯನ್ನು ವಿವರವಾಗಿ ಅನುಕರಿಸುವುದು, ಬೇಡವೆಂದರೂ ಬಿಡದೆ ಬೇರೆ ಮಕ್ಕಳನ್ನು ಒತ್ತಾಯಿಸುವುದು ಅಪರೂಪ. ಅದು ಕಂಡರೆ ವಿಚಾರಿಸಬೇಕು. ಈಗ ಮನೆಯ ಮೊಬೈಲೂ ಒಂದು ಕಾರಣವಾಗಬಹುದು. ಆದರೆ ಮಗುವಿಗೆ ಅದನ್ನು ಯಾರು ತೋರಿಸಿದರು ಎಂಬುದು ಮತ್ತೆ ನಮ್ಮ ಪ್ರಶ್ನೆಯೇ; ಮಗುವಿಗೆ ಅಶ್ಲೀಲ ಚಿತ್ರ ತೋರಿಸುವುದೂ ಲೈಂಗಿಕ ದೌರ್ಜನ್ಯವೇ.

ಸುಳಿವುಗಳನ್ನು ಮಗುವಿನಲ್ಲೇ ಹುಡುಕುವ ಅಭ್ಯಾಸದಿಂದ ದೊಡ್ಡವರ ನಡತೆ ತಪ್ಪಿಸಿಕೊಳ್ಳುತ್ತದೆ. ಒಂದೇ ಮಗುವಿಗೆ ಚಾಕೊಲೇಟು, ದುಡ್ಡು, ಫೋನು, ಪುಕ್ಕಟೆ ಟ್ಯೂಷನ್, ತಂದೆತಾಯಿಗೆ ಸಾಲದಿಂದ ಹಿಡಿದು ಗ್ಯಾಸ್ ಬುಕಿಂಗಿನವರೆಗೆ ನೆರವಾಗಿ ಮನೆಯ ಮಗನಂತೆ ಆಗುವುದು, ಮಗುವಿನೊಡನೆ ಒಂಟಿಯಾಗಿರುವ ಸಂದರ್ಭವನ್ನು ತಾನೇ ಹುಡುಕಿಕೊಳ್ಳುವುದು, ಕಚಗುಳಿಯ ನೆಪದಲ್ಲಿ ಎಲ್ಲರೆದುರೇ ಮುಟ್ಟಿ, ಮುಟ್ಟುವುದನ್ನು ಮಾಮೂಲು ಮಾಡುವುದು. ಆದರೆ ಇಲ್ಲೂ ಒಂದು ತೊಡಕಿದೆ. ಜಾರ್ಜಿಯಾ ವಿಂಟರ್ಸ್ ಮತ್ತು ಎಲಿಜಬೆತ್ ಜೆಗ್ಲಿಕ್ 2016ರಲ್ಲಿ ತೋರಿಸಿದಂತೆ, ಕೊನೆಗೆ ಏನಾಯಿತೆಂದು ತಿಳಿದವರಿಗೆ ಇವೆಲ್ಲ ಮೊದಲೇ ಎದ್ದು ಕಾಣುತ್ತಿದ್ದವು ಎನಿಸುತ್ತದೆ. ತಿಳಿಯದವರಿಗೆ ಅದೇ ನಡತೆ ಅಕ್ಕರೆಯಂತೆ ಕಾಣುತ್ತದೆ. ಹಾಗಾಗಿ ವ್ಯಕ್ತಿಯ ಮೇಲೆ ಅನುಮಾನ ಬರಲೆಂದು ಕಾಯುವುದಕ್ಕಿಂತ ನಿಯಮವೇ ವಾಸಿ. ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರು, ಒಂದು ಮಗು ಇರಬಾರದು. ಅದು ಪ್ರಿನ್ಸಿಪಾಲರೇ ಆಗಲಿ, ಸ್ವಾಮಿಗಳೇ ಆಗಲಿ. ವ್ಯಾನಿನ ಮುಂದಿನ ಸೀಟಿಗೆ ಮಗುವೇ ಬೇಡ.

ಮಗು ಹೇಳಿದ ಮೇಲೆ ಹಿಂದೆಗೆದುಕೊಳ್ಳುವುದನ್ನು ಸುಳ್ಳಿನ ಗುರುತೆಂದು ಓದುವವರು ಬಹಳ. ಅಮೆರಿಕದ ಮನೋವೈದ್ಯ ರೋಲಂಡ್ ಸಮ್ಮಿಟ್ 1983ರ ಲೇಖನದಲ್ಲಿ ಐದು ಹಂತಗಳನ್ನು ಗುರುತಿಸಿದ್ದರು: ಗುಟ್ಟು, ಅಸಹಾಯಕತೆ, ಸಿಕ್ಕಿಬಿದ್ದು ಹೊಂದಿಕೊಳ್ಳುವುದು, ತಡವಾಗಿ ತೊದಲುತ್ತ ನಂಬಲಾಗದಂತೆ ಹೇಳುವುದು, ಕೊನೆಗೆ ಹೇಳಿದ್ದನ್ನು ಅಲ್ಲಗಳೆಯುವುದು. ಇದನ್ನೇ ದೌರ್ಜನ್ಯದ ಪುರಾವೆಯಂತೆ ನ್ಯಾಯಾಲಯಗಳಲ್ಲಿ ಬಳಸತೊಡಗಿದಾಗ, ಅದಕ್ಕಾಗಿ ಬರೆದದ್ದಲ್ಲ ಎಂದು 1992ರಲ್ಲಿ ಅವರೇ ತಕರಾರು ತೆಗೆದರು. ಅಲ್ಲಗಳೆದರೆ ದೌರ್ಜನ್ಯ ನಡೆದದ್ದು ಖಚಿತ ಎಂದಾಗಲಿ ನಡೆದೇ ಇಲ್ಲ ಎಂದಾಗಲಿ ತೀರ್ಮಾನಿಸಲಾಗದು. ಕರ್ನಾಟಕದ ಪೋಕ್ಸೊ ವಿಶೇಷ ನ್ಯಾಯಾಲಯಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ 2017ರಲ್ಲಿ ಹೊರತಂದ ಅಧ್ಯಯನದಲ್ಲೂ ಸಾಕ್ಷಿಕಟ್ಟೆಯಲ್ಲಿ ತಿರುಗಿಬಿದ್ದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಆರೋಪಿ ದುಡಿದು ತರುವ ತಂದೆಯೋ ಮಾವನೋ ಆಗಿದ್ದರೆ, ಮೊದಲ ಹೇಳಿಕೆಗೂ ಸಾಕ್ಷಿಕಟ್ಟೆಗೂ ನಡುವಿನ ತಿಂಗಳುಗಳಲ್ಲಿ ಆ ಮನೆಯ ಅನ್ನದ ತಟ್ಟೆಯ ಮುಂದೆ ಏನೇನು ಮಾತು ನಡೆದಿರಬಹುದು!

ಕಾನೂನು ಮಾತಿನ ಬಗ್ಗೆ ನಮ್ಮ ರೂಢಿಗಿಂತ ಸೂಕ್ಷ್ಮವಾಗಿದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 26ನೆಯ ಕಲಮು ಮಗು ಆಡಿದಂತೆಯೇ ಹೇಳಿಕೆಯನ್ನು ಬರೆದುಕೊಳ್ಳಬೇಕು ಎನ್ನುತ್ತದೆ. ಮಗು ನಂಬುವವರು ಜೊತೆಗಿರಬೇಕು. ಪೊಲೀಸರು ಸಮವಸ್ತ್ರದಲ್ಲಿರಬಾರದು. ವಾಸ್ತವದಲ್ಲಿ ‘ಮಾಮ ಉಚ್ಚೆ ಜಾಗ ಮುಟ್ತಾರೆ’ ಎಂಬ ಮಾತು ‘ಆರೋಪಿತನು ಸಂತ್ರಸ್ತೆಯ ಗುಪ್ತಾಂಗವನ್ನು ಸ್ಪರ್ಶಿಸಿ ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ’ ಎಂದು ಬದಲಾಗುವುದುಂಟು. ಪಾಟೀಸವಾಲಿನಲ್ಲಿ ‘ಎಸಗಿರುತ್ತಾನೆ ಅಂದ್ರೆ ಏನಮ್ಮಾ?’ ಎಂದು ಕೇಳಿದರೆ ಮಗು ಏನು ಹೇಳೀತು?

19ನೆಯ ಕಲಮಿನ ಪ್ರಕಾರ ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೆಯ ಕಲಮಿನಡಿ ಅಪರಾಧ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ, ವಿಶೇಷ ನ್ಯಾಯಾಲಯಕ್ಕೆ ವಿಷಯ ಮುಟ್ಟಿಸಬೇಕು. ಎಲ್ಲಿಂದ ಶುರುಮಾಡಬೇಕೆಂದು ತೋಚದವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ತನಿಖೆ ಶಿಕ್ಷಕರ ಕೆಲಸವಲ್ಲ. ಆರೋಪಿಯನ್ನು ಕರೆಸಿ ‘ಎದುರಾಬದುರಾ’ ಮಾಡಿಸುವುದಂತೂ ಮಗುವಿಗೆ ಮಾಡುವ ದ್ರೋಹ. ಶಿಕ್ಷಕರಿಂದ ಬೇಕಾದದ್ದು ಸಣ್ಣ ದಾಖಲೆ. ದಿನಾಂಕ, ಹೊತ್ತು, ಜಾಗ, ತಾವು ಕೇಳಿದ ಪ್ರಶ್ನೆ, ಮಗು ಆಡಿದ ಮಾತು. ತಿದ್ದದೆ, ಗ್ರಾಂಥಿಕ ಮಾಡದೆ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಕೂಡದು. ಹೇಳಬೇಕಾದವರಿಗೆ ಹೇಳಲೇಬೇಕು.

ನಿದರ್ಶನದ ಆ ಟೀಚರು ಕೆಂಪು ಶಾಯಿಯ ಸಾಲನ್ನು ಬರೆಯದೆ ಬೇರೆ ಹಾಳೆ ತೆಗೆದಿದ್ದರೆ ಅದು ಹೀಗಿರುತ್ತಿತ್ತು:

ಬುಧವಾರ, ಮಧ್ಯಾಹ್ನ 3.40, ಸ್ಟಾಫ್ ರೂಮಿನ ಹೊರಗಿನ ಬೆಂಚು. ನಾನು: ಮುಂದಿನ ಸೀಟಲ್ಲಿ ಏನಾಗುತ್ತೆ ಪುಟ್ಟಿ? ಮಗು: ಗೇರ್ ಹಾಕೋವಾಗ ಕೈ ಬರುತ್ತೆ. ನಾನು: ಆಮೇಲೆ? ಮಗು: (ಸ್ವಲ್ಪ ಹೊತ್ತು ಸುಮ್ಮನೆ) ಗೇರ್ ಹಾಕ್ದೆ ಇದ್ರೂ ಬರುತ್ತೆ.